ಮನೆಯಲ್ಲಿ ಹಳೆಯ ಕಲಾವಿದರಿದ್ದರೆ ಅವರ ನೆನಪುಗಳನ್ನು ಬರೆದಿಡುವುದು ಹೇಗೆ

ನಿಮ್ಮ ಮನೆಯಲ್ಲೋ ಓಣಿಯಲ್ಲೋ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದ್ದ ಹಿರಿಯರೊಬ್ಬರು ಇದ್ದಾರಾ? ಕಪ್ಪು-ಬಿಳುಪು ಸಿನಿಮಾಗಳಲ್ಲಿ ಸಣ್ಣ ಸಣ್ಣ ಪಾತ್ರ ಮಾಡಿದ ಅಜ್ಜ? ಐದಾರು ವರ್ಷಕ್ಕೇ ರಂಗ ಹತ್ತಿದ ದೊಡ್ಡಮ್ಮ? ಇದ್ದರೆ ಅವರ ಬದುಕನ್ನು ಬರೆದಿಡುವ ಕೆಲಸ ಈಗಲೇ ಶುರು ಮಾಡಿ. ತಾರೆಯರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ವರ್ಷಗಟ್ಟಲೆ ಊರೂರು ತಿರುಗಿ, ಜಾತ್ರೆ ಕ್ಯಾಂಪುಗಳಲ್ಲಿ ಬೆಳಗಿನ ಜಾವದವರೆಗೆ ಪಾರ್ಟು ಮಾಡಿ, ಈಗ ಜಗಲಿಯಲ್ಲಿ ಕೂತಿರುವವರ ಬಗ್ಗೆ ಮನೆಯವರೇ ಬರೆಯಬೇಕು. ಅವರು ಬರೆಯದಿದ್ದರೆ ಇನ್ಯಾರೂ ಬರೆಯುವುದಿಲ್ಲ.

ನಮ್ಮ ಮನೆಯ ಹಿರಿಯರೊಬ್ಬರಿಗಾಗಿ ನಾನು ಈ ಕೆಲಸ ಮಾಡಿದ್ದೇನೆ. ಆಮೇಲೆ ಗೊತ್ತಿರುವ ಬೇರೆ ಮನೆಗಳಿಗೂ ಕೈಜೋಡಿಸಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಟರ ನೆನಪಿನ ಪುಸ್ತಕಗಳು ಸೋಲುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಅವು ಸನ್ಮಾನಗಳ ಪಟ್ಟಿಯಾಗಿಬಿಡುತ್ತವೆ. ಶಾಲು, ಹಾರ, ಫೋಟೊ, ಮಂತ್ರಿಗಳ ಹೆಸರು. ಓದುವವರಿಗೆ ಅದು ಯಾಕೆ ಬೇಕು? ಆಟ ಮುಗಿಸಿ ಬಣ್ಣ ಒರೆಸಿಕೊಂಡ ಮೇಲೆ ಆ ಮನುಷ್ಯ ಯಾವ ಮನೆಗೆ ಹೋದರು, ಅಲ್ಲಿ ಯಾರು ಕಾಯುತ್ತಿದ್ದರು, ಆರು ತಿಂಗಳ ಮೇಲೆ ಬಂದ ಅಪ್ಪನನ್ನು ಮಕ್ಕಳು ಗುರುತು ಹಿಡಿದರಾ, ಇದನ್ನು ಹೇಳಿ. ಹೆಸರು ಬಂದಾಗ ಆ ಮನೆಗೆ ಏನಾಯಿತು ಅಂತ ಬರೆದಾಗಲೇ ಅದು ಒಬ್ಬ ನಟರ ಕಥೆಯಾಗುತ್ತದೆ. ಕೆಳಗೆ ಹೇಳಿರುವುದೆಲ್ಲ ಇದೊಂದಕ್ಕಾಗಿ.

ಬಾಲ್ಯದಿಂದ ಶುರು ಮಾಡಿ, ವಂಶದಿಂದ ಬೇಡ

"ಇಂಥ ಊರಿನ ಇಂಥ ಮನೆತನದಲ್ಲಿ ಜನಿಸಿ" ಅಂತ ಶುರುವಾಗುವ ಪುಸ್ತಕವನ್ನು ಸಂಬಂಧಿಕರೂ ಎರಡನೇ ಪುಟಕ್ಕೆ ಮುಚ್ಚುತ್ತಾರೆ. ಗಿರೀಶ ಕಾರ್ನಾಡರು ತಮ್ಮ ಆತ್ಮಕಥೆ 'ಆಡಾಡತ ಆಯುಷ್ಯ'ವನ್ನು ಹೇಗೆ ಶುರು ಮಾಡಿದ್ದಾರೆ ನೋಡಿ. ತಾವು ಹೊಟ್ಟೆಯಲ್ಲಿದ್ದಾಗ ಮಗು ಬೇಡವೆಂದು ತಾಯಿ ಪುಣೆಯ ಡಾಕ್ಟರೊಬ್ಬರ ದವಾಖಾನೆಗೆ ಹೋಗಿದ್ದರು. ಡಾಕ್ಟರು ಬರಲೇ ಇಲ್ಲ. ಕಾದು ಕಾದು ಮನೆಗೆ ವಾಪಸ್ ಬಂದರು. ತಾಯಿ ಇದನ್ನು ಮಗನಿಗೆ ಹೇಳಿದ್ದು ಮನೆಯಲ್ಲಿ ಊಟದ ಹೊತ್ತಿಗೆ. ಆ ಬಾರದೇ ಹೋದ ಡಾಕ್ಟರಿಗೇ ಪುಸ್ತಕ ಅರ್ಪಣೆ. ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಒಂದು ಮಗುವನ್ನು ಕಟ್ಟಿಕೊಂಡು, ನರ್ಸ್ ಕೆಲಸ ಮಾಡಿ, ಸಮಾಜದ ಮಾತು ಕೇಳುತ್ತಲೇ ಮರುಮದುವೆಯಾದ ಆ ತಾಯಿಯ ಬದುಕನ್ನು ಅವರು ಮುಚ್ಚಿಡಲಿಲ್ಲ. ಅದಕ್ಕೇ ಆ ಪುಸ್ತಕದ ಬಾಲ್ಯ ಅಷ್ಟು ಜೀವಂತವಾಗಿದೆ. ನಿಮ್ಮ ಮನೆಯಲ್ಲೂ ಊಟದ ಹೊತ್ತಿಗೆ ಇಂಥ ಮಾತು ಬಂದೇ ಬರುತ್ತದೆ. ಕಿವಿ ತೆರೆದಿಟ್ಟಿರಿ.

"ನಿಮ್ಮ ಬಾಲ್ಯ ಹೇಗಿತ್ತು?" ಅಂತ ಮಾತ್ರ ಕೇಳಬೇಡಿ. "ಕಷ್ಟ ಇತ್ತಪ್ಪ" ಅನ್ನುತ್ತಾರೆ, ಅಲ್ಲಿಗೆ ಮುಗೀತು. ಸಣ್ಣ ಪ್ರಶ್ನೆ ಕೇಳಿ. ಕ್ಯಾಂಪಿನಲ್ಲಿ ಎಲ್ಲಿ ಮಲಗುತ್ತಿದ್ದಿರಿ? ನಿಮ್ಮ ಪಾರ್ಟು ಬರುವ ಹೊತ್ತಿಗೆ ನಿದ್ದೆಯಿಂದ ಎಬ್ಬಿಸುತ್ತಿದ್ದವರು ಯಾರು? ಕಂಪನಿ ಊರು ಬಿಟ್ಟಾಗ ಶಾಲೆ ಏನಾಯಿತು? ಹಿರಣ್ಯಕಶಿಪುವಿನ ವೇಷದಲ್ಲಿ ಅಪ್ಪನನ್ನು ನೋಡಿ ಹೆದರಿದ್ದಿರಾ?

ಕೊನೆಯ ಪ್ರಶ್ನೆ ಸುಮ್ನೆ ಹೇಳಿದ್ದಲ್ಲ. ಕನ್ನಡ ರಂಗಭೂಮಿಯಲ್ಲಿ ಎಷ್ಟೋ ಜನ ಮಕ್ಕಳಾಗಿದ್ದಾಗ ತಮ್ಮ ಹೆತ್ತವರನ್ನು ಮನೆಗಿಂತ ಜಾಸ್ತಿ ಕಂಡದ್ದು ರಂಗದ ಮೇಲೆ. ಗಾಜನೂರಿನ ಮುತ್ತುರಾಜ ರಾಜಕುಮಾರ್ ಆದದ್ದು 1954ರಲ್ಲಿ. ಅದಕ್ಕೆ ಮೊದಲು ಅವರು ಗುಬ್ಬಿ ಕಂಪನಿಯ ಹೆಸರಾಂತ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ಓದು ಪ್ರೈಮರಿಯಲ್ಲೇ ನಿಂತುಹೋಯಿತು, ಕಂಪನಿಯೇ ಶಾಲೆಯಾಯಿತು. ಬಿ. ಜಯಶ್ರೀ ಅವರು ಗುಬ್ಬಿ ವೀರಣ್ಣನವರ ಮೊಮ್ಮಗಳು, ಚಿಕ್ಕಂದಿನಲ್ಲೇ ತಾತನ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಮೊದಲ ಕನ್ನಡ ವಾಕ್ಚಿತ್ರದಲ್ಲಿ, ಅದು 1934ರಲ್ಲಿ ಬಂತು, ನಾಯಕರಾಗಿದ್ದ ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್, ಮೊಮ್ಮಗ ಸೃಜನ್. ಇಂಥ ಮನೆಗಳಲ್ಲಿ ಅಪ್ಪ ಅನ್ನುವುದು ಎಲ್ಲಿ ಮುಗಿಯುತ್ತದೆ, ಮಾಲೀಕ ಅಥವಾ ಗುರು ಅನ್ನುವುದು ಎಲ್ಲಿ ಶುರುವಾಗುತ್ತದೆ? ಅದನ್ನೇ ಕೇಳಬೇಕು. ತಪ್ಪು ಮಾಡಿದರೆ ಹೊಡೆದದ್ದು ಅಪ್ಪನಾಗಿಯೋ, ಮಾಸ್ತರಾಗಿಯೋ?

ಹೆಸರಿನ ಬಗ್ಗೆಯೂ ಕೇಳಿ. ರಂಗಕ್ಕೆ ಒಂದು, ಮನೆಗೆ ಒಂದು ಹೆಸರು ಇರುವುದು ಇಲ್ಲಿ ತೀರಾ ಸಾಮಾನ್ಯ. ಪುನೀತ್ ಮೊದಮೊದಲು ತೆರೆಯ ಮೇಲೆ ಮಾಸ್ಟರ್ ಲೋಹಿತ್. ಮಾಸ್ಟರ್ ಹಿರಣ್ಣಯ್ಯನವರ ಹುಟ್ಟುಹೆಸರು ನರಸಿಂಹಮೂರ್ತಿ. ಹೆಸರು ಬದಲಾದದ್ದು ಯಾವಾಗ, ಯಾರು ಇಟ್ಟರು, ಅಮ್ಮ ಕೊನೆಯವರೆಗೂ ಯಾವ ಹೆಸರಿನಿಂದ ಕರೆದರು ಅಂತ ಕೇಳಿದರೆ ಒಂದು ಅಧ್ಯಾಯಕ್ಕೆ ಸಾಕಾಗುವಷ್ಟು ಬರುತ್ತದೆ.

ಹಳೆಯ ಗಂಡು ಕಲಾವಿದರಿಗೆ ಕೇಳಲೇಬೇಕಾದ ಇನ್ನೊಂದು ವಿಷಯ ಇದೆ, ಯಾರೂ ಕೇಳುವುದಿಲ್ಲ. ಗಂಟಲು ಒಡೆದದ್ದು ಯಾವಾಗ? ಹುಡುಗರೇ ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ಹದಿನಾಲ್ಕು-ಹದಿನೈದಕ್ಕೆ ದನಿ ಒಡೆದರೆ ಅದು ದೊಡ್ಡ ಗಂಡಾಂತರ. ನಿನ್ನೆಯವರೆಗೆ ಸೀತೆ, ದ್ರೌಪದಿ. ಇವತ್ತು ಆ ಪಾರ್ಟು ಬೇರೆ ಹುಡುಗನಿಗೆ. ಕೆಲವರು ಪುರುಷಪಾತ್ರಕ್ಕೆ ದಾಟಿದರು, ಕೆಲವರು ಸೀನು ಎಳೆಯುವ ಕೆಲಸಕ್ಕೆ ನಿಂತರು, ಕೆಲವರು ಊರಿಗೆ ಹೋಗಿ ನೇಗಿಲು ಹಿಡಿದರು. ಏಣಗಿ ಬಾಳಪ್ಪನವರು ಸ್ತ್ರೀಪಾತ್ರಗಳಲ್ಲಿ ಹೆಸರು ಮಾಡಿ, ದಾಟಿ, ತಮ್ಮದೇ ಕಂಪನಿ ಕಟ್ಟಿ, ನೂರು ವರ್ಷ ದಾಟಿ ಬಾಳಿದರು. ಎಲ್ಲರಿಗೂ ಆ ದಾರಿ ಸಿಗಲಿಲ್ಲ. ದೊಡ್ಡವರಾಗುವುದು ಅಂದರೆ ಅನ್ನ ಕಳೆದುಕೊಳ್ಳುವುದು ಅಂತ ಆ ವಯಸ್ಸಿಗೇ ತಿಳಿದ ಮಕ್ಕಳು ಅವರು. ಈ ಪ್ರಶ್ನೆ ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರೆ ನೀವೂ ಸುಮ್ಮನಿರಿ, ರೆಕಾರ್ಡಿಂಗ್ ನಿಲ್ಲಿಸಬೇಡಿ.

ಹೆಣ್ಣುಮಕ್ಕಳದು ಬೇರೆಯೇ ದಾರಿ. ಆರ್. ನಾಗರತ್ನಮ್ಮನವರು 1958ರಲ್ಲಿ ಮೈಸೂರಿನಲ್ಲಿ ಹೆಂಗಸರದ್ದೇ ಒಂದು ನಾಟಕ ಮಂಡಳಿ ಕಟ್ಟಿ ತಾವೇ ಕಂಸನಂಥ ಪಾತ್ರಗಳನ್ನು ಮಾಡಿದರು. ಪದ್ಮಶ್ರೀ ಬಂದದ್ದು 2012ರಲ್ಲಿ. ನಡುವಿನ ಆ ಐವತ್ತಕ್ಕೂ ಹೆಚ್ಚು ವರ್ಷಗಳನ್ನು ಯೋಚನೆ ಮಾಡಿ. ನಿಮ್ಮ ದೊಡ್ಡಮ್ಮನಿಗೆ ಬಾಡಿಗೆ ಮನೆ ಕೊಡಲು ಊರವರು ಹಿಂಜರಿದರಾ, ಮದುವೆಯ ಮಾತು ಬಂದಾಗ ಅವರ ಕೆಲಸವನ್ನು ಏನಂತ ಹೇಳಲಾಯಿತು, ಕೂಸನ್ನು ಯಾರ ಮಡಿಲಲ್ಲಿ ಬಿಟ್ಟು ರಂಗಕ್ಕೆ ಹೋಗುತ್ತಿದ್ದರು. ಇದನ್ನು ಹೆಂಗಸರು ಕೇಳಿದರೆ ಜಾಸ್ತಿ ಬಿಚ್ಚಿ ಹೇಳುತ್ತಾರೆ. ಮನೆಯ ಗಂಡಸರು ಆ ಹೊತ್ತಿಗೆ ಹೊರಗೆ ಹೋಗುವುದು ಒಳ್ಳೆಯದು.

ರೆಕಾರ್ಡ್ ಮಾಡುವಾಗ

ದುಬಾರಿ ಯಂತ್ರ ಏನೂ ಬೇಡ. ಮೊಬೈಲ್ ಸಾಕು. ಫ್ಯಾನ್ ಆಫ್ ಮಾಡಿ, ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ, ಅವರ ಬಾಯಿಗೆ ಒಂದು ಮೊಳ ದೂರದಲ್ಲಿ ಮೆತ್ತನೆಯ ಬಟ್ಟೆಯ ಮೇಲಿಡಿ. ಮುಕ್ಕಾಲು ಗಂಟೆ ಮೀರಬೇಡಿ. ವಯಸ್ಸಾದವರಿಗೆ ಸುಸ್ತಾಗುತ್ತದೆ, ಆಮೇಲೆ ಅವರು ನಿಮ್ಮನ್ನು ಮೆಚ್ಚಿಸಲು ಮಾತಾಡುತ್ತಾರೆ. ಪ್ರತಿ ಫೈಲಿಗೂ ತಾರೀಖು ಮತ್ತು ವಿಷಯದ ಹೆಸರು ಕೊಟ್ಟು ಅವತ್ತೇ ಇನ್ನೆರಡು ಕಡೆ ಕಾಪಿ ಮಾಡಿ. ವಿಡಿಯೊ ಆಮೇಲೆ ಮಾಡಿದರಾಯಿತು. ಕ್ಯಾಮೆರಾ ಕಂಡರೆ ನಟರು ನಟರಾಗಿಬಿಡುತ್ತಾರೆ, ನಿಮಗೆ ಬೇಕಾಗಿರುವುದು ಮನೆಯ ಮನುಷ್ಯ.

ನೆನಪು ಬರುತ್ತಿಲ್ಲ ಅಂದರೆ ಹಾಡಿಸಿ. ವರ್ಷ ಮರೆತವರು, ಮಕ್ಕಳ ಹೆಸರು ತಡವರಿಸುವವರು ಕೂಡ ರಂಗಗೀತೆಯ ಮೊದಲ ಸಾಲು ಸಿಕ್ಕರೆ ಕೊನೆಯವರೆಗೆ ಹೋಗುತ್ತಾರೆ. ಹಾಡು ಮುಗಿದ ಕೂಡಲೇ ಕೇಳಿ: ಇದನ್ನು ಹಾಡುವಾಗ ಎದುರಿಗೆ ಯಾರಿರುತ್ತಿದ್ದರು? ಹಾರ್ಮೋನಿಯಂ ಯಾರದು? ಯಾವ ಊರಲ್ಲಿ ಒನ್ಸ್‌ಮೋರ್ ಬಂತು? ಟ್ರಂಕು ತೆರೆಸಿ. ಹಳೆಯ ಹ್ಯಾಂಡ್‌ಬಿಲ್ಲು, ಪದಕ, ಗೆಜ್ಜೆ, ಒಂದು ಕನ್ನಡಿ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದ್ದರೆ ಆ ಫೈಲನ್ನು ಹುಡುಕಿ ತೆಗೆಯಿರಿ. ಯಾವ ಕಂಪನಿಯಲ್ಲಿ ಎಷ್ಟು ವರ್ಷ ಇದ್ದರು ಅನ್ನುವುದಕ್ಕೆ ಮಾಲೀಕರ ಕೈಬರಹದ ಪತ್ರಗಳು ಅದರಲ್ಲಿರಬಹುದು.

ದುಡ್ಡಿನ ಬಗ್ಗೆ ಕೇಳಲು ನಾಚಿಕೆ ಬೇಡ. ತಿಂಗಳ ಸಂಬಳ ಎಷ್ಟು, ಮುಂಗಡ ಎಷ್ಟು ತೆಗೆದುಕೊಂಡಿದ್ದರು, ಆ ಮುಂಗಡ ತೀರಿಸಲಾಗದೆ ಎಷ್ಟು ವರ್ಷ ಅದೇ ಕಂಪನಿಯಲ್ಲಿ ಉಳಿದರು, ಮಳೆ ಬಂದು ಆಟ ನಿಂತರೆ ಊಟ ಏನು, ಅವರ ಸಹಾಯಕ್ಕಾಗಿ ಅವರ ಹೆಸರಲ್ಲಿ ಬೆನಿಫಿಟ್ ನಾಟಕ ಆಡಿದ ರಾತ್ರಿ ಕೈಗೆ ಎಷ್ಟು ಬಂತು. ಚಪ್ಪಾಳೆಯ ನೆನಪನ್ನು ಎಲ್ಲರೂ ಹೇಳುತ್ತಾರೆ. ಚಪ್ಪಾಳೆ ಬಿದ್ದ ರಾತ್ರಿಯೇ ಮನೆಗೆ ಮನಿಯಾರ್ಡರ್ ಕಳಿಸಲು ದುಡ್ಡಿರಲಿಲ್ಲ ಅನ್ನುವುದು ನೀವು ಕೇಳಿದರೆ ಮಾತ್ರ ಬರುತ್ತದೆ.

ಇಸವಿ ಹಿಡಿಯುವುದು

ಇದು ನನಗೆ ತುಂಬಾ ಇಷ್ಟದ ಕೆಲಸ. ಹಿರಿಯರು ಇಸವಿ ಹೇಳುವುದಿಲ್ಲ, "ಆವಾಗ" ಅನ್ನುತ್ತಾರೆ. ಹ್ಯಾಂಡ್‌ಬಿಲ್ಲುಗಳಲ್ಲಿ ತಾರೀಖು, ವಾರ ಇರುತ್ತದೆ, ಇಸವಿ ಎಷ್ಟೋ ಸಲ ಇರುವುದಿಲ್ಲ. ಆದರೆ ವಾರವೇ ದಾರಿ ತೋರಿಸುತ್ತದೆ. ಉದಾಹರಣೆಗೆ ಜನವರಿ 26, ಶನಿವಾರ ಅಂತ ಇದೆ ಅಂದುಕೊಳ್ಳಿ. 1950ರಿಂದ 1975ರವರೆಗೆ ಆ ತಾರೀಖು ಶನಿವಾರ ಬಿದ್ದದ್ದು 1952, 1957, 1963 ಮತ್ತು 1974ರಲ್ಲಿ ಮಾತ್ರ. ಈಗ ಟಿಕೆಟ್ ದರ ನೋಡಿ. ದಶಮಾನ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ದರ ಆಣೆಯಲ್ಲಿದ್ದರೆ ಅದು 1952 ಅಥವಾ 1957ರ ಜನವರಿ. ನಯಾ ಪೈಸೆ ಅಂತಿದ್ದರೆ 1963, ಯಾಕೆಂದರೆ 1964ರ ಜೂನಿನಿಂದ 'ನಯಾ' ಬಿಟ್ಟು ಬರೀ ಪೈಸೆ ಅಂದರು. ಪತ್ತೇದಾರಿಕೆ ಅಂದರೆ ಪತ್ತೇದಾರಿಕೆಯೇ. ಆಡುಮಾತಿನಲ್ಲಿ ಆಣೆ ಅನ್ನುವುದು ಆಮೇಲೂ ತುಂಬಾ ವರ್ಷ ಇತ್ತು, ಹಾಗಾಗಿ ಬಾಯಿಮಾತಿನ ದರವನ್ನು ನಂಬಬೇಡಿ, ಅಚ್ಚಾದ ದರವನ್ನು ನೋಡಿ.

ಕಾಗದ ಏನೂ ಉಳಿದಿಲ್ಲ ಅಂದರೆ ದೊಡ್ಡ ಘಟನೆಗಳನ್ನು ಗೂಟ ಮಾಡಿಕೊಳ್ಳಿ. ನೆಹರೂ ತೀರಿಕೊಂಡ ದಿನ, 1964ರ ಮೇ 27, ಕ್ಯಾಂಪ್ ಎಲ್ಲಿತ್ತು? ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ 1973ರ ನವೆಂಬರಿನಲ್ಲಿ? ಎಮರ್ಜೆನ್ಸಿಯಲ್ಲಿ? ಇಂದಿರಾ ಗಾಂಧಿ ಹತ್ಯೆಯಾದಾಗ? ಜಾತ್ರೆಗಳು ತಿಂಗಳು ಹೇಳುತ್ತವೆ. ಬಾದಾಮಿ ಬನಶಂಕರಿ ಜಾತ್ರೆ ಕ್ಯಾಂಪ್ ಅಂದರೆ ಬನದ ಹುಣ್ಣಿಮೆಯ ಹೊತ್ತು, ಹೆಚ್ಚುಕಡಿಮೆ ಜನವರಿ. ಮನೆಯ ಘಟನೆಗಳೂ ಗೂಟಗಳೇ. ದೊಡ್ಡ ಮಗಳು ಹುಟ್ಟಿದಾಗ ಯಾವ ಊರಲ್ಲಿ ಯಾವ ಪಾರ್ಟು ಮಾಡುತ್ತಿದ್ದಿರಿ ಅಂತ ಕೇಳಿ. ಉತ್ತರದ ಜೊತೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ: ಮಗು ಹುಟ್ಟಿದ ಎಷ್ಟು ದಿನಕ್ಕೆ ಅವರು ಅದರ ಮುಖ ನೋಡಿದರು.

ಮನೆಯವರ ಮಾತು

ಇಲ್ಲಿ ಅವಸರ ಮಾಡಬೇಡಿ. ನಟರು ಹೇಳಿದ್ದು ಅರ್ಧ. ಉಳಿದ ಅರ್ಧ ಅಡುಗೆಮನೆಯಲ್ಲಿದೆ. ರಾಜಕುಮಾರ್ ಅವರ ಹೆಸರಿನ ಕಥೆಯನ್ನು ಪಾರ್ವತಮ್ಮನವರನ್ನು ಬಿಟ್ಟು ಹೇಳಲು ಸಾಧ್ಯವೇ ಇಲ್ಲ. 1953ರಲ್ಲಿ, ಇನ್ನೂ ಯಾವ ಹೆಸರೂ ಬಂದಿರದ ಮುತ್ತುರಾಜರನ್ನು ಮದುವೆಯಾದವರು. 1975ರಿಂದ ಸಿನಿಮಾ ನಿರ್ಮಾಣವನ್ನೇ ಕೈಗೆ ತೆಗೆದುಕೊಂಡವರು. ಮನೆ, ಮಕ್ಕಳು, ಕಥೆಯ ಆಯ್ಕೆ, ಲೆಕ್ಕಪತ್ರ ಎಲ್ಲದರಲ್ಲೂ ಅವರ ಕೈ ಇತ್ತು. ದೊಡ್ಡ ಮನೆಯಲ್ಲೇ ಹೀಗಿದ್ದರೆ ಸಣ್ಣ ಕಲಾವಿದರ ಮನೆಯಲ್ಲಿ ಹೆಂಡತಿಯ ಪಾಲು ಎಷ್ಟಿರಬಹುದು, ಅಲ್ವಾ? ಗಂಡ ತಿರುಗಾಟದಲ್ಲಿದ್ದಾಗ ಅಕ್ಕಿ ಸಾಲ ತಂದವರು ಯಾರು, ಮಕ್ಕಳ ಫೀಸು ಕಟ್ಟಿದವರು ಯಾರು, ಅತ್ತೆ-ಮಾವನ ಬಾಯಿ ತಡೆದವರು ಯಾರು ಅಂತ ಅವರನ್ನೇ ಕೇಳಿ. ಬೇರೆಯಾಗಿ ಕೂರಿಸಿ ಕೇಳಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಒಬ್ಬರೇ ಮಾತಾಡುತ್ತಾರೆ, ಅದು ಯಾರು ಅಂತ ನಿಮಗೂ ಗೊತ್ತು.

ಗಂಡ-ಹೆಂಡತಿ ಒಂದೇ ಘಟನೆಯನ್ನು ಬೇರೆ ಬೇರೆ ಥರ ಹೇಳಿದರೆ ಸರಿಪಡಿಸಲು ಹೋಗಬೇಡಿ. ಎರಡನ್ನೂ ಬರೆಯಿರಿ, ಪಕ್ಕಪಕ್ಕದಲ್ಲೇ. ಆ ವ್ಯತ್ಯಾಸವೇ ಆ ಮನೆ.

ಮಕ್ಕಳನ್ನೂ ಕೇಳಿ. ಅಪ್ಪನ ನಾಟಕ ನೋಡಲು ಬಂದ ಸ್ಕೂಲಿನ ಗೆಳೆಯರು ಮರುದಿನ ಏನಂದರು? ಖಳನ ಪಾತ್ರ ಮಾಡುವವರ ಮಕ್ಕಳಿಗೆ ಇದು ದೊಡ್ಡ ಸಂಕಟ. ಬೀದಿಯಲ್ಲಿ ಜನ ಮುತ್ತಿಕೊಂಡಾಗ ಹಿಡಿದಿದ್ದ ಅಪ್ಪನ ಕೈ ತಪ್ಪಿಹೋದ ನೆನಪು ಇದೆಯಾ? ಅಭಿಮಾನಿಗಳನ್ನು ದೇವರು ಅಂತ ಕರೆದ ನಾಡು ನಮ್ಮದು. ಆ ದೇವರುಗಳು ಬಾಗಿಲಿಗೆ ಬಂದಾಗ ಒಳಗಿದ್ದ ಮಕ್ಕಳಿಗೆ ಅಪ್ಪ ಎಷ್ಟು ಸಿಕ್ಕರು ಅಂತ ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

ಹೇಳುತ್ತಿರುವವರೇ ಬಾಲನಟರಾಗಿದ್ದರೆ ಅವರ ಸಂಪಾದನೆ ಯಾರ ಕೈಗೆ ಹೋಯಿತು ಅನ್ನುವುದನ್ನು ಮೆಲ್ಲಗೆ ಕೇಳಿ. ಈಗ ಕಾನೂನು ಇದೆ. 2017ರ ನಿಯಮಗಳ ಪ್ರಕಾರ ಮಕ್ಕಳು ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ, ವಿಶ್ರಾಂತಿ ಇಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಬಂದ ಹಣದಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಹಿಂದೆ ಇದ್ಯಾವುದೂ ಇರಲಿಲ್ಲ. ಮಗು ದುಡಿದದ್ದು ಮನೆಯ ಅನ್ನವಾಯಿತು. ಅದರ ಬಗ್ಗೆ ಕೆಲವರಿಗೆ ಹೆಮ್ಮೆ ಇರುತ್ತದೆ, ಕೆಲವರಿಗೆ ನೋವು, ಹೆಚ್ಚಿನವರಿಗೆ ಎರಡೂ. ಅಪ್ಪ-ಅಮ್ಮನನ್ನು ಈಗ ನ್ಯಾಯಕಟ್ಟೆಗೆ ಎಳೆಯುವುದು ನಿಮ್ಮ ಕೆಲಸ ಅಲ್ಲ. ಆದರೆ "ಆಟ ಆಡುವ ವಯಸ್ಸಲ್ಲಿ ಆಟ ಆಡಲಿಲ್ಲ" ಅಂತ ಅವರು ಹೇಳಿದರೆ ಆ ಸಾಲನ್ನು ಮೆತ್ತಗೆ ಮಾಡಲೂ ಬೇಡಿ.

ಹೇಳಬಾರದ್ದು ಬಂದಾಗ

ಕುಡಿತ, ಎರಡನೇ ಸಂಸಾರ, ಕಂಪನಿಯೊಳಗಿನ ಜಾತಿ, ಒಬ್ಬ ಮಾಲೀಕ ಮಾಡಿದ ಮೋಸ. ಇದೆಲ್ಲ ಬಂದೇ ಬರುತ್ತದೆ. ನನ್ನ ರೀತಿ ಇಷ್ಟು: ಎಲ್ಲವನ್ನೂ ರೆಕಾರ್ಡ್ ಮಾಡಿ, ಎಲ್ಲವನ್ನೂ ಅಚ್ಚು ಮಾಡಬೇಡಿ. ಹೇಳಿದವರ ಸ್ವಂತ ತಪ್ಪು ಅವರ ಒಪ್ಪಿಗೆಯಿಂದ ಬರಲಿ. ಬದುಕಿರುವ ಬೇರೆಯವರ ಗುಟ್ಟು ಅವರ ಒಪ್ಪಿಗೆ ಇಲ್ಲದೆ ಬರುವುದು ಬೇಡ. ತೀರಿಕೊಂಡವರ ಬಗ್ಗೆ ಏನು ಬೇಕಾದರೂ ಬರೆಯಬಹುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ, ಅವರ ಮನೆಯವರಿಗೆ ನೋವಾಗುವಂತೆ ಮಾನ ಕಳೆದರೆ ನಮ್ಮ ಕಾನೂನಿನಲ್ಲಿ ಅದೂ ಮಾನನಷ್ಟವೇ. ಹೆಸರು ತೆಗೆದು "ಒಬ್ಬ ಮಾಲೀಕರು" ಅಂದರೆ ಸಾಕಾಗುತ್ತದೆ, ಆದರೆ ಊರು ಮತ್ತು ವರ್ಷ ಇಟ್ಟು ಹೆಸರು ಮಾತ್ರ ತೆಗೆದರೆ ಓಣಿಗೆಲ್ಲ ಗೊತ್ತಾಗುತ್ತದೆ. ಎರಡನೇ ಸಂಸಾರದ ಮಕ್ಕಳು ಇದ್ದರೆ ಪುಸ್ತಕ ಅಚ್ಚಾಗುವ ಮೊದಲು ಅವರ ಮನೆಗೆ ಹೋಗಿ ಮಾತಾಡಿ. ಫೋನಿನಲ್ಲಿ ಬೇಡ. ಅವರೂ ಆ ನಟರ ಮನೆಯವರೇ, ಅವರ ಬಳಿಯೂ ನೆನಪುಗಳಿವೆ.

ಬರೆಯುವಾಗ

ಬಿ.ವಿ. ಕಾರಂತರ ಆತ್ಮಕಥೆಯನ್ನು ಕೂತು ಕೇಳಿ ಬರಹಕ್ಕೆ ಇಳಿಸಿದವರು ವೈದೇಹಿ. ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ ಹುಡುಗನ ಕಥೆ ಅದು. ಅಲ್ಲಿ ಹೇಳುವವರ ದನಿ ಉಳಿದಿದೆ, ಬರೆದವರು ಅಡ್ಡ ಬರುವುದಿಲ್ಲ. ಗುರಿ ಅದೇ ಇರಲಿ. ಮೊದಲು ಕೇಳಿದ್ದನ್ನು ಹಾಗೇ ಅಕ್ಷರಕ್ಕಿಳಿಸಿ, "ಆಂ", "ಮತ್ತ" ಎಲ್ಲ ಸೇರಿಸಿ. ಆಮೇಲೆ ಕತ್ತರಿ ಹಿಡಿಯಿರಿ. ಗದುಗಿನವರು "ಬರ್ತಿದ್ವಿ ನೋಡ್ರಿ" ಅಂದದ್ದನ್ನು "ಆಗಮಿಸುತ್ತಿದ್ದೆವು" ಮಾಡಿದರೆ ಆ ಮನುಷ್ಯ ಪುಟದಿಂದ ಎದ್ದು ಹೋಗುತ್ತಾರೆ. ಪಾರ್ಟು, ಸೀನು, ಕ್ಯಾಂಪು, ಬಣ್ಣ, ಸಫೇದ (ಮುಖಕ್ಕೆ ಹಚ್ಚುವ ಬಿಳಿ ಬಣ್ಣ), ಇವೆಲ್ಲ ಹಾಗೇ ಇರಲಿ. ಮೊಮ್ಮಕ್ಕಳಿಗೆ ತಿಳಿಯದ ಮಾತಿದ್ದರೆ ಮುಂದಿನ ವಾಕ್ಯದಲ್ಲೇ ಸ್ವಲ್ಪ ಬಿಡಿಸಿ ಹೇಳಿ.

ಕಾಲಕ್ರಮಕ್ಕೆ ಜೋತುಬೀಳಬೇಡಿ. ಒಂದು ಕ್ಯಾಂಪು, ಒಂದು ಪಾರ್ಟು, ಒಂದು ಹೆರಿಗೆ, ಒಂದು ಜಗಳ, ಹೀಗೆ ಒಂದೊಂದನ್ನೇ ಪೂರ್ತಿ ಬರೆಯಿರಿ. ಪ್ರಶಸ್ತಿಗಳೆಲ್ಲ ಕೊನೆಗೆ ಒಂದೇ ಪುಟದಲ್ಲಿ ಬರಲಿ. ಅದಕ್ಕೆ ಅವರು ಒಪ್ಪುವುದಿಲ್ಲ, ಸ್ವಲ್ಪ ವಾದ ಮಾಡಬೇಕಾಗುತ್ತದೆ. ನಾಟಕದ ಪದ್ಯಗಳನ್ನು ಉದ್ದಕ್ಕೆ ಸೇರಿಸುವ ಮೊದಲು ಬರೆದವರು ಯಾರು ಅಂತ ನೋಡಿ. ಕವಿ ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ವಾರಸುದಾರರದ್ದು.

ಬರೆದು ಮುಗಿದ ಮೇಲೆ ಪೂರ್ತಿಯಾಗಿ ಅವರಿಗೆ ಓದಿ ಹೇಳಿ. ಓದಲು ಕೊಡಬೇಡಿ, ನೀವೇ ಓದಿ. ಕಿವಿಯಿಂದ ಪಾರ್ಟು ಕಲಿತವರಿಗೆ ತಪ್ಪು ಸಿಗುವುದು ಕಿವಿಯಲ್ಲೇ. ಹೆಂಡತಿ, ಮಕ್ಕಳು ಕೂಡ ಆ ಹೊತ್ತಿಗೆ ಅಲ್ಲೇ ಇರಲಿ. ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಸಹಿ ಹಾಕಿಸಿ.

ಅಚ್ಚಿಗೆ ದುಡ್ಡಿಲ್ಲ ಅಂದರೆ ನಿಲ್ಲಬೇಡಿ. ಮೊದಲು ನೂರು ಪ್ರತಿ ಸಾಕು. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಪುಕ್ಕಟೆ ಸಿಗುತ್ತದೆ, ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಒಂದೊಂದು ಪ್ರತಿಯನ್ನು ಜಿಲ್ಲಾ ಗ್ರಂಥಾಲಯಕ್ಕೆ, ಬೆಂಗಳೂರಿನ ಕರ್ನಾಟಕ ನಾಟಕ ಅಕಾಡೆಮಿಗೆ, ಅವರು ಜಾಸ್ತಿ ಆಡಿದ ಊರಿನ ಹೈಸ್ಕೂಲಿಗೆ ಕೊಡಿ. ಹ್ಯಾಂಡ್‌ಬಿಲ್ಲು, ಫೋಟೊಗಳನ್ನು ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಯಾಕೆಂದರೆ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಲೆಕ್ಕ, ವಿಳಾಸ, ಸಾಲದ ಮೊತ್ತ ಇರುತ್ತದೆ. ಮೂಲಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಆಮ್ಲ ಇಲ್ಲದ (ಆಸಿಡ್-ಫ್ರೀ) ಕಾಗದದಲ್ಲಿ ಸುತ್ತಿ ಒಣಗಿದ ಕಡೆ ಇಡಿ, ಟ್ರಂಕಿನ ತಳದಲ್ಲಿ ಕಾಗದ ನೆಲದ ತೇವಕ್ಕೆ ತಾಗದಂತೆ ಒಂದು ಹಲಗೆ ಹಾಕಿ.